ತಣ್ಣನೆಯ ಎಣ್ಣೆ

ಕಾರಿನ ಕೆಳಗೆ ಅಂಗಾತ ಮಲಗಿದ ಮೇಲೆ ಅವಳಿಗೆ ಹಿತವೆನಿಸಿದ್ದು ಒಂದೇ: ಇಲ್ಲಿ ಮುಖ ಹೇಗಿಟ್ಟುಕೊಂಡರೂ ಕೇಳುವವರಿಲ್ಲ. ಹಲ್ಲು ಕಡಿಯಬಹುದು, ಹುಬ್ಬು ಗಂಟಿಕ್ಕಬಹುದು, ಮೇಲೆ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುವ ಗಂಡನನ್ನು ತುಟಿಯಲ್ಲೇ ಬಾಯಿಗೆ ಬಂದಂತೆ ಬಯ್ಯಬಹುದು. ಭಾನುವಾರ, ಬೆಳಕು ಈಗಷ್ಟೇ ಹರಿದಿತ್ತು. ಶೆಡ್ಡಿನ ಸಿಮೆಂಟು ನೆಲದ ಥಂಡಿ ಹಾಸಿಕೊಂಡ ಹಳೇ ಬೆಡ್‌ಶೀಟನ್ನು ದಾಟಿ ಬೆನ್ನಿಗೆ ಹತ್ತುತ್ತಿತ್ತು. ಜಾಕಿನ ಮೇಲೆ ನಂಬಿಕೆ ಸಾಲದೆ ಅವಳು ನಾಲ್ಕೂ ಕಡೆ ಮರದ ದಿಮ್ಮಿ ಕೊಟ್ಟಿದ್ದಳು. ಆಮೇಲೆ ಗಾಡಿಯನ್ನು ಕೈಯಿಂದ ನೂಕಿ, ಭುಜದಿಂದ ನೂಕಿ, ಅಲ್ಲಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ನುಸುಳಿದ್ದಳು. ಗೇರ್ ಬಾಕ್ಸಿಗೆ ಎರಡು ಬೋಲ್ಟು. ಮೇಲಿನದು ಎಣ್ಣೆ ತುಂಬಲು, ಕೆಳಗಿನದು ಇಳಿಸಲು. ಮೊದಲು ಮೇಲಿನದು ಬಿಚ್ಚಿ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಇದ್ದಬದ್ದ ಎಣ್ಣೆಯನ್ನೆಲ್ಲ ಇಳಿಸಿ, ಆಮೇಲೆ ಮೇಲಿನದು ಜಪ್ಪಯ್ಯ ಅಂದರೂ ಬರದಿದ್ದರೆ ಗಾಡಿ ನಿಂತಲ್ಲೇ ನಿಂತಿರಬೇಕು, ನಾಳೆ ಸೋಮವಾರ, ಆಮೇಲೆ ಅವನ ನಾಲಗೆಗೆ ಹಬ್ಬವೋ ಹಬ್ಬ. ಅವಳು ಸ್ಪ್ಯಾನರಿನ ಹಿಡಿಗೆ ಪೈಪಿನ ತುಂಡು ಸಿಕ್ಕಿಸಿ ಎರಡೂ ಕೈಯಿಂದ ಜಗ್ಗಿದಳು. ಮೇಲಿನ ಬೋಲ್ಟು ಒಮ್ಮೆ ಕಿರುಗುಟ್ಟಿ ಸಡಿಲವಾಯಿತು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

ಈ ಕೆಲಸವನ್ನು ಅವಳು ಕಲಿತದ್ದು ಟಾರ್ಚು ಹಿಡಿದು. ಎರಡು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ಅವನು ಕೆಳಗೆ ಮಲಗಿದ್ದ, ಅವಳು ಮೊಣಕಾಲೂರಿ ಬೆಳಕು ಬಿಡುತ್ತಿದ್ದಳು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ನನ್ನ ಕಣ್ಣಿಗೆ ಬಿಡ್ತೀಯಲ್ಲೇ, ಒಂದು ಟಾರ್ಚ್ ಹಿಡಿಯೋಕೂ ಬರಲ್ವಾ ನಿಂಗೆ. ಅವನದು ಬಣ್ಣದಂಗಡಿ, ಅಪ್ಪನ ಕಾಲದಿಂದ ಬಂದದ್ದು. ಡಬ್ಬಿಯ ಮುಚ್ಚಳ ತೆಗೆದು, ಕಡ್ಡಿ ಅದ್ದಿ ಎತ್ತಿ, ಬಣ್ಣ ಕಡ್ಡಿಯಿಂದ ಎಷ್ಟು ನಿಧಾನ ಜಾರುತ್ತದೆ ಎಂಬುದನ್ನು ನೋಡಿ ಅದರ ಯೋಗ್ಯತೆ ಹೇಳುವವನು. ದಪ್ಪಗಿದ್ದರೆ ಒಳ್ಳೆಯ ಮಾಲು, ತೆಳ್ಳಗಿದ್ದರೆ ಯಾರೋ ಏನೋ ಬೆರೆಸಿ ಟೋಪಿ ಹಾಕಿದ್ದಾರೆ. ಹಾಲಿಗೂ ಅದೇ ಮಾತು, ಶಾಂಪೂವಿಗೂ ಅದೇ ಮಾತು. ಅವತ್ತೂ ಎಣ್ಣೆಯ ಡಬ್ಬಿಯನ್ನು ಓರೆಮಾಡಿ ಅವಳಿಗೆ ತೋರಿಸಿ ಹಿಗ್ಗಿದ್ದ. “ನೋಡು ಹೆಂಗಿದೆ! ಚಮಚ ನೆಟ್ರೆ ನಿಲ್ಲುತ್ತೆ. ಆ ಅಂಗಡಿಯವನು ಏನೋ ನೀರು ನೀರಾಗಿರೋದು ಕೊಡೋಕೆ ಬಂದ. ನಾನು ಬಿಡ್ತೀನಾ? ನಿನ್ನ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವ್ದಿದೆಯೋ ಅದು ತೆಗಿ ಅಂದೆ.” ಅವಳು ಹೂಂಗುಟ್ಟಿದ್ದಳು. ಗಾಡಿಯ ಹೊಟ್ಟೆಯೊಳಗೆ ಏನು ಹೋಗಬೇಕು ಅವಳಿಗೇನು ಗೊತ್ತು? ಅವಳಿಗೆ ಗೊತ್ತಿದ್ದುದು ಮನುಷ್ಯರ ಒಳಗಿನದು. ಮದುವೆಗೆ ಮುಂಚಿನಿಂದ ಮಗಳು ಹುಟ್ಟುವವರೆಗೆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ನರವೇ ಸಿಗದ ಮುದುಕರ ತೋಳನ್ನು ಹೆಬ್ಬೆರಳಲ್ಲಿ ನೀವಿ, ಚುಚ್ಚಿದ್ದೇ ಗೊತ್ತಾಗದಂತೆ ಸೂಜಿ ಇಳಿಸಿ, ಮುಗೀತು ಅಜ್ಜ ಅನ್ನುತ್ತಿದ್ದಳು. ಎಷ್ಟು ಹಗುರಾನಮ್ಮಾ ನಿನ್ನ ಕೈ ಅನ್ನುತ್ತಿದ್ದರು. ಅದೇ ಕೈಯನ್ನು ಈ ಮನೆಯಲ್ಲಿ ಏನೆಂದು ಕರೆದರು? ಒಡ್ಡು ಕೈ. ಒರಟು ಕೈ. ಅವನ ಸ್ನೇಹಿತರಂತೂ ಅವಳಿಗೆ ಹೆಸರೇ ಇಟ್ಟುಬಿಟ್ಟಿದ್ದರು, ಗೇರಮ್ಮ.

ಗೇರಿನ ಆ ಸದ್ದು ಯಾವತ್ತು ಶುರುವಾಯಿತೋ ನೆನಪಿಲ್ಲ. ಚಳಿ ಇತ್ತು ಅನ್ನುವುದು ನೆನಪಿದೆ. ಮಗಳನ್ನು ಶಾಲೆಗೆ ಬಿಡಲು ಬೆಳಿಗ್ಗೆ ಗಾಡಿ ತೆಗೆಯುವವಳು ಅವಳು. ಗೇಟು ದಾಟಿ, ಬೀದಿಗೆ ತಿರುಗಿಸಿ, ಒಂದರಿಂದ ಎರಡಕ್ಕೆ ಹಾಕಿದರೆ ಕರ್ರ್ರ್ ಅಂತ ಎಲುಬು ಅರೆದ ಹಾಗೆ. ಎದುರುಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ವಾಪಸು ತಂದು ನಿಲ್ಲಿಸಿ ಕೀ ಮೇಜಿನ ಮೇಲಿಟ್ಟರೆ ಅವನು ತಿಂಡಿ ಮುಗಿಸಿ ಅದೇ ಗಾಡಿ ಹತ್ತಿ, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಗೇರು ಬದಲಿಸುತ್ತ ಅಂಗಡಿಗೆ ಹೋಗುತ್ತಿದ್ದ. ಒಂದು ದಿನ ಬೇಕೆಂದೇ ಅವಳನ್ನು ಪಕ್ಕ ಕೂರಿಸಿಕೊಂಡು ಬೀದಿ ಸುತ್ತಿಸಿದ್ದ. “ಕೇಳಿಸ್ತಾ ಏನಾದ್ರೂ? ಅದೇ ಗಾಡಿ, ಅದೇ ಗೇರು. ಗಾಡಿದಲ್ಲ ತಪ್ಪು.” ಅವಳು ಒಪ್ಪಿಕೊಂಡಳಲ್ಲ! ಈಗ ನೆನೆದರೆ ಮೈಯೆಲ್ಲ ಉರಿಯುವುದು ಅದಕ್ಕೇ. ಒಪ್ಪಿಕೊಂಡು, ದಪ್ಪ ಅಟ್ಟೆಯ ಚಪ್ಪಲಿ ಬಿಟ್ಟು ತೆಳು ಅಟ್ಟೆಯದು ಹಾಕಿದಳು, ಆಮೇಲೆ ಬರಿಗಾಲಲ್ಲಿ ಓಡಿಸಿದಳು. ಮಧ್ಯಾಹ್ನ ಮನೆ ಖಾಲಿಯಿದ್ದಾಗ ನಿಂತ ಗಾಡಿಯಲ್ಲಿ ಕೂತು, ಹುಚ್ಚಿಯ ಹಾಗೆ, ಕ್ಲಚ್ಚನ್ನು ನೆಲಕ್ಕೆ ತಾಗುವವರೆಗೆ ಒತ್ತುವುದು ಬಿಡುವುದು, ಒತ್ತುವುದು ಬಿಡುವುದು, ಮಂಡಿ ಬಾತು ರಾತ್ರಿ ಎಣ್ಣೆ ಹಚ್ಚಿಕೊಂಡರೆ ಅತ್ತೆ “ಈ ವಯಸ್ಸಿಗೇ ಮಂಡಿನೋವಾ?” ಅಂದಿದ್ದರು. ಸದ್ದು ಹೋಗಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಾಗಲೇ ಕೈ ಬೆವರಲು ಶುರು. ಊಟಕ್ಕೆ ನೆಂಟರು ಬಂದರೆ ಅವನು ತಟ್ಟೆಯ ಮೇಲೆ ಚಮಚ ಉಜ್ಜಿ ಕರ್ರ್ ಎನಿಸುತ್ತಿದ್ದ, “ನಮ್ಮನೆಯವಳು ಹೊರಟ್ಲು ಅಂತ ಊರಿಗೆಲ್ಲ ಗೊತ್ತಾಗ್ಬೇಕಲ್ಲ!” ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು, ಕಣ್ಣು ಅರಳಿಸಿಕೊಂಡು, ಗೇರಿನ ಹಿಡಿ ಎಳೆದ ಹಾಗೆ ಅಭಿನಯಿಸಿ, ಗಂಟಲಿಂದ ಕರ್ರ್ರ್ ಎಂದು ತೋರಿಸುತ್ತಿದ್ದಳು. ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದು ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು. ಅವಳೂ ನಕ್ಕಿದ್ದಳು. ಸೆರಗಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದಳು, ಥೂ.

ಊರಾಚೆಯ ಹೊಸ ಆಸ್ಪತ್ರೆಯ ಲ್ಯಾಬಿನಿಂದ ಕರೆ ಬಂದದ್ದು ಈ ವಾರ. ಸೋಮವಾರದಿಂದಲೇ ಬನ್ನಿ, ಬೆಳಿಗ್ಗೆ ಆರಕ್ಕೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಆ ಹೊತ್ತಿಗೇ ಬಂದು ಕೂರುತ್ತಾರೆ. ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ಗಾಡಿ ಇದ್ದರೆ ಕೆಲಸ ಇದೆ, ಗಾಡಿ ಇಲ್ಲದಿದ್ದರೆ ಇಲ್ಲ, ಅಷ್ಟು ಸರಳ. ಅಂಗಡಿಗೂ ಶಾಲೆಗೂ ಹೋಗಲು ಅವನಿಗೆ ಸ್ಕೂಟರಿದೆ. ಅವಳು ಎರಡು ದಿನ ಮಾತು ಜೋಡಿಸಿಕೊಂಡು, ನಿನ್ನೆ ಸಂಜೆ ಅವನ ಮುಖ ಪ್ರಸನ್ನವಾಗಿದ್ದಾಗ ನೋಡಿ ಹೇಳಿದ್ದಳು. ಅವನು ಟೀವಿಯಿಂದ ಕಣ್ಣು ತೆಗೆಯಲಿಲ್ಲ. “ಶಾಲೆವರೆಗೆ ಹೋಗಿ ಬರೋದ್ರಲ್ಲೇ ಅರ್ಧ ಗೇರ್ ಬಾಕ್ಸ್ ತಿಂದಿದೀಯ. ದಿನಾ ಅಷ್ಟು ದೂರ ಅಂದ್ರೆ ಗೇರಿನ ಹಿಡಿ ನಿನ್ನ ಕೈಗೇ ಬರುತ್ತೆ ಅಷ್ಟೆ. ಬೇಡ. ನಾನೇ ಬಿಡ್ತೀನಿ, ಒಂಬತ್ತಕ್ಕೆ ಬರ್ತೀನಿ ಅಂತ ಹೇಳು ಅವ್ರಿಗೆ.” ಒಂಬತ್ತಕ್ಕೆ! ಹಸಿದು ಕೂತವರು ಒಂಬತ್ತರವರೆಗೆ ಇವರ ತಿಂಡಿ ಮುಗಿಯಲಿ ಅಂತ ಕಾಯುತ್ತಾರೆಯೇ? ಅವಳು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು. ಆದರೆ ನಿನ್ನೆ ಮಧ್ಯಾಹ್ನವೇ, ಅವನು ಹೀಗೇ ಅನ್ನುತ್ತಾನೆ ಎಂದು ಗೊತ್ತಿದ್ದುದರಿಂದ, ಬಿಡಿಭಾಗದ ಅಂಗಡಿಗೆ ಹೋಗಿ ಗೇರ್ ಆಯಿಲ್ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು. ಎಣ್ಣೆ ಹಳತಾಗಿದೆ, ಹೊಸದು ಹಾಕಿದರೆ ಸದ್ದು ಸ್ವಲ್ಪವಾದರೂ ತಗ್ಗಬಹುದು, ಅವನ ಬಾಯಿಂದ ಆ ಒಂದು ನೆವವನ್ನಾದರೂ ಕಿತ್ತುಕೊಳ್ಳಬಹುದು ಎಂಬಷ್ಟೇ ಅವಳ ಲೆಕ್ಕ. ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, “ಮನೇಲಿ ಗಂಡಸ್ರು ಯಾರೂ ಇಲ್ವಾಮ್ಮ?” ಅಂದಿದ್ದ. ಪಿತ್ತ ನೆತ್ತಿಗೇರಿ ಆಮೇಲೆ ಅವನು ಏನು ಹೇಳಿದನೋ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ಚಪ್ಪಲಿಯ ಸದ್ದು. ಶೆಡ್ಡಿನ ಬಾಗಿಲಲ್ಲಿ ಅವನ ಪಾದಗಳು ಬಂದು ನಿಂತವು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವುದೋ ನೀಲಿ ಬಣ್ಣ.

“ಏನೇ ಇದು?”

“ಗೇರ್ ಆಯಿಲ್ ಬದಲಾಯಿಸ್ತಿದೀನಿ.”

“ಯಾರನ್ನ ಕೇಳಿ?”

“ಹೇಳೋಣ ಅಂತಿದ್ದೆ. ನೀವಿನ್ನೂ ಎದ್ದಿರ್ಲಿಲ್ಲ.”

“ಎಣ್ಣೆ ಬದಲಾಯಿಸಿದ್ರೆ ಕೈ ಬದಲಾಗುತ್ತೇನೇ?” ತನ್ನ ಮಾತು ತನಗೇ ಹಿಡಿಸಿ ಅವನು ನಕ್ಕ. ಪಾದಗಳು ಆ ನಗುವಿಗೆ ಅಲ್ಲಾಡಿದವು. ಹಿಂದೆಯೇ ಅತ್ತೆಯ ಊದಿದ ಪಾದಗಳು ಬಂದವು. “ಬೆಳ್‌ಬೆಳಿಗ್ಗೆ ಇದೆಲ್ಲ ಬೇಕಿತ್ತೇನಮ್ಮ? ಮೇಲೆ ಬಿದ್ರೆ ಯಾರು ಗತಿ?” ಅತ್ತೆಯ ದನಿಯಲ್ಲಿ ನಿಜವಾದ ಅಂಜಿಕೆಯಿತ್ತು; ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ. “ಏನಾಗಲ್ಲ ಅತ್ತೆ, ದಿಮ್ಮಿ ಕೊಟ್ಟಿದೀನಿ,” ಎಂದಳು, ಎಷ್ಟು ಮೃದುವಾಗಿ ಅಂದರೆ ತನ್ನ ದನಿಗೆ ತಾನೇ ಹೇಸಿದಳು. ಅವಳು ಕೆಳಗಿನ ಬೋಲ್ಟಿಗೆ ಸ್ಪ್ಯಾನರು ಕೊಟ್ಟು ತಿರುಗಿಸಿ, ಕೊನೆಯ ಸುತ್ತನ್ನು ಬೆರಳಲ್ಲಿ ಬಿಚ್ಚಿ, ಎಣ್ಣೆ ಭುಸ್ಸನೆ ಸುರಿಯುತ್ತದೆಂದು ಮುಖ ಪಕ್ಕಕ್ಕೆ ತಿರುಗಿಸಿದಳು.

ಏನೂ ಸುರಿಯಲಿಲ್ಲ. ತೂತಿನ ಬಾಯಲ್ಲಿ ಕಪ್ಪನೆಯ ಒಂದು ಗುಂಡಗಿನ ಹೊಟ್ಟೆ ಊದಿಕೊಂಡಿತು. ಬಹಳ ಹೊತ್ತು ಯೋಚಿಸಿದಂತೆ ಮಾಡಿ, ಆಮೇಲೆ ಜೇನಿನ ಹಾಗೆ ದಾರವಾಗಿ ಇಳಿಯತೊಡಗಿತು. ಕೆಳಗಿಟ್ಟ ಬೋಗುಣಿಯಲ್ಲಿ ಸುರುಳಿ ಸುರುಳಿಯಾಗಿ ಕೂತಿತು. ಅವನು ಅವತ್ತು ಎಣ್ಣೆ ಇಳಿಸುವ ಮುಂಚೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದಿದ್ದ ಅಲ್ಲವೇ. ಬಿಸಿಯಾದರೆ ಸರಾಗ ಇಳಿಯುತ್ತದೆ ಅಂದಿದ್ದ. ಅದನ್ನು ಮರೆತಿದ್ದಳು. ತಣ್ಣಗಿದೆ, ಅದಕ್ಕೇ ಹೀಗೆ. ತಣ್ಣಗಿದೆ. ಅವಳು ಕೈ ಚಾಚಿ, ಹೊಸ ಎಣ್ಣೆ ಅಳೆಯಲು ತಂದಿಟ್ಟಿದ್ದ ಗಾಜಿನ ಲೋಟವನ್ನು ಆ ದಾರದ ಕೆಳಗೆ ಹಿಡಿದು ಬೆಳಕಿಗೆ ಎತ್ತಿದಳು, ಲ್ಯಾಬಿನಲ್ಲಿ ರಕ್ತದ ಕೊಳವೆಯನ್ನು ಎತ್ತಿ ನೋಡುತ್ತಿದ್ದ ಹಾಗೆ, ಅಭ್ಯಾಸಬಲದಿಂದ. ಕಪ್ಪಿನೊಳಗೆ ಚಿನ್ನದ ಪುಡಿ. ಸಣ್ಣ ಸಣ್ಣದಾಗಿ ಮಿನುಗುತ್ತ, ಆ ದಪ್ಪದಲ್ಲಿ ಮುಳುಗಲೂ ಆಗದೆ ತೇಲಲೂ ಆಗದೆ ನಿಂತಿತ್ತು. ಆಗ ಅಂಗಡಿಯವನ ಮಾತು, ನಿನ್ನೆ ಕಿವಿಯಲ್ಲೇ ಉಳಿದುಹೋದದ್ದು, ಒಳಗೆ ಇಳಿಯಿತು. ಈ ಗಾಡಿಗೆ ತೆಳು ಎಣ್ಣೆ ಅಮ್ಮ. ಕೆಲವರು ಗೊತ್ತಿಲ್ಲದೆ ದಪ್ಪದ್ದು ಕೇಳ್ತಾರೆ, ಅದು ಲಾರಿ ಹಿಂದಿನ ಚಕ್ರದ್ದು. ಹಾಕಿದ್ರೆ ತಣ್ಣಗಿದ್ದಾಗ ಗೇರೇ ಬೀಳಲ್ಲ, ಅರೆಯುತ್ತೆ. ಒಳಗೆ ಗೇರು ಸರಾಗ ಕೂರಿಸೋಕೆ ಹಿತ್ತಾಳೆ ಬಳೆಗಳಿರ್ತಾವೆ, ಅವನ್ನ ತಿಂದು ಹಾಕುತ್ತೆ. ಬಿಸಿ ಆದ್ಮೇಲೆ ಏನೂ ಗೊತ್ತಾಗಲ್ಲ.

ಬಿಸಿ ಆದ ಮೇಲೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ತಣ್ಣಗಿದ್ದ ಗಾಡಿಯನ್ನು ತೆಗೆಯುವವಳು ಯಾರು? ಶಾಲೆಯವರೆಗೆ ಹೋಗಿ ಬಂದು, ಅದರ ಮೈ ಬಿಸಿ ಮಾಡಿ, ಕೀಯನ್ನು ಮೇಜಿನ ಮೇಲಿಟ್ಟು ಇಗೋ ಎಂದವಳು ಯಾರು? ಅವನಿಗೆ ಸ್ನಾನಕ್ಕೆ ನೀರು ಬಿಸಿ ಮಾಡಿದ ಹಾಗೆ, ತಿಂಡಿ ಬಿಸಿ ಮಾಡಿದ ಹಾಗೆ, ಗೇರನ್ನೂ ಬಿಸಿ ಮಾಡಿ ಕೊಟ್ಟಿದ್ದಳು! ರಜೆಯ ದಿನ ಅವನು ಹೊರಡುವುದೇ ಸಂಜೆ, ದಿನವಿಡೀ ಬಿಸಿಲಿಗೆ ಕಾದ ಶೆಡ್ಡಿನಿಂದ. ಎಲ್ಲೋ ಒಮ್ಮೊಮ್ಮೆ ಅವನ ಕೈಯಲ್ಲೂ ಸದ್ದಾಗಿರಬಹುದು, ಒಬ್ಬನೇ ಇದ್ದಾಗ ಆದದ್ದನ್ನು ಯಾರು ತಟ್ಟೆ ಉಜ್ಜಿ ತೋರಿಸಬೇಕು? ಎರಡು ವರ್ಷ. ಬೆವರಿದ ಕೈ, ಬಾತ ಮಂಡಿ, ಗೇರಮ್ಮ, ಚಮಚ. ಎದ್ದು ಕೂರಲು ಹೋಗಿ ಹಣೆ ಪೈಪಿಗೆ ಬಡಿಯಿತು. ಆ ಲೋಟವನ್ನು ತೆಗೆದುಕೊಂಡು ಹೋಗಿ ಅವನ ತಲೆಯ ಮೇಲೆ ನಿಧಾನವಾಗಿ, ದಾರವಾಗಿ, ಕಿವಿಗಿಳಿಯುವಂತೆ ಸುರಿಯಬೇಕು ಅನ್ನಿಸಿತು.

ಅವಳು ಮಾಡಿದ್ದು ಬೇರೆ. ಬೋಲ್ಟನ್ನು ತೂತಿಗೆ ಒತ್ತಿ ವಾಪಸು ತಿರುಗಿಸಿ ಬಿಗಿಮಾಡಿದಳು. ಮೇಲಿನದನ್ನೂ ಬಿಗಿದಳು. ಇಳಿದದ್ದು ಒಂದೆರಡು ಲೋಟ ಅಷ್ಟೆ, ಒಂದು ಸುತ್ತು ಓಡಿಸಿದರೆ ಏನೂ ಆಗುವುದಿಲ್ಲ. ತೆವಳಿಕೊಂಡು ಹೊರಬಂದು, ಬೋಗುಣಿ ಲೋಟ ಎಳೆದು ಗೋಡೆ ಪಕ್ಕ ಇಟ್ಟು, ದಿಮ್ಮಿ ಸರಿಸಿ, ಜಾಕು ಇಳಿಸಿ, ಸೀರೆಯ ಮೇಲೆ ಹಾಕಿಕೊಂಡಿದ್ದ ಅವನ ಹಳೇ ಶರ್ಟಿಗೆ ಕೈ ಒರೆಸಿಕೊಂಡಳು.

“ರೀ, ಒಂದು ರೌಂಡ್ ಓಡಿಸ್ಕೊಂಡು ಬರ್ತೀರಾ? ಎಣ್ಣೆ ಬಿಸಿ ಆಗ್ಬೇಕು, ಇಳೀತಿಲ್ಲ.”

“ಅಷ್ಟೂ ಗೊತ್ತಿಲ್ದೆ ಕೆಳಗೆ ಮಲಗಿದ್ಯಾ?” ಎಂದ ಅವನು, ಖುಷಿಯಿಂದಲೇ. ಕೀ ತಿರುಗಿಸುತ್ತ ಬಂದ. ಮಗಳು ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲಿಳಿದು ಬಂದು ಅಜ್ಜಿಯ ಪಕ್ಕ ನಿಂತಳು. ಗಾಡಿ ಹಿಮ್ಮುಖವಾಗಿ ಶೆಡ್ಡಿನಿಂದ ಇಳಿದು, ಗೇಟು ದಾಟಿ, ಬೀದಿಗೆ ತಿರುಗಿತು. ಅವಳು ಗೇಟಿನವರೆಗೆ ಬಂದು ನಿಂತಳು. ತಾನು ಎಣಿಸಿದ್ದು ತಪ್ಪಾದರೆ? ಅವನ ಕೈ ನಿಜವಾಗಿಯೂ ಹಗುರವಾದರೆ? ಮೊದಲ ಗೇರಿನಲ್ಲಿ ಗಾಡಿ ಮುಂದಕ್ಕೆ ಸರಿಯಿತು, ಎಂಜಿನ್ನಿನ ದನಿ ಏರಿತು, ಆಮೇಲೆ ಕರ್ರ್ರ್ರ್. ಎಲುಬು ಅರೆದ ಹಾಗೆ. ಎದುರುಮನೆಯ ನಾಯಿ ಎದ್ದು ನಿಂತಿತು. ಅವನು ಎರಡನೆಯ ಸಲ ಹಾಕಿದ, ಇನ್ನೂ ಜೋರಾಗಿ ಅರೆಯಿತು. ಬಲವಂತ ಮಾಡಿದ, ಗಾಡಿ ಮುಗ್ಗರಿಸಿ ನಿಂತೇಹೋಯಿತು. ಬೀದಿಯ ಮಧ್ಯೆ, ಬೆಳಗಿನ ಬಿಸಿಲಲ್ಲಿ. ಅವಳ ಎದೆಯೊಳಗೆ ಏನೋ ಕೇಕೆ ಹಾಕಿತು. ಈ ಸದ್ದನ್ನು ಇಷ್ಟು ಇಷ್ಟಪಟ್ಟು ಅವಳು ಯಾವತ್ತೂ ಕೇಳಿರಲಿಲ್ಲ.

ಅವನು ಮತ್ತೆ ಚಾಲೂ ಮಾಡಿ, ಒಂದೇ ಗೇರಿನಲ್ಲಿ ಮೂಲೆಯವರೆಗೆ ಹೋದ, ಕಣ್ಮರೆಯಾದ. ಬಹಳ ಹೊತ್ತಿನ ನಂತರ ಇನ್ನೊಂದು ಕಡೆಯಿಂದ ಬಂದ. ಗಾಡಿ ಶೆಡ್ಡಿಗೆ ಹತ್ತಿತು. ಇಳಿದು ಬಾಗಿಲು ಧಡಾರನೆ ಹಾಕಿದ.

“ಏನು ಮಾಡಿದೆ ಇದಕ್ಕೆ?”

“ನಾನೇನು ಮಾಡಿದೆ?”

“ನಿನ್ನೆ ಸಂಜೆ ತನಕ ಚೆನ್ನಾಗಿತ್ತು. ಬಿಚ್ಚಿ ಏನೋ ಎಡವಟ್ಟು ಮಾಡಿದೀಯ. ಗೊತ್ತಿಲ್ಲದ ಕೆಲಸಕ್ಕೆ ಕೈ ಯಾಕೆ ಹಾಕ್ಬೇಕು ಅಂತ!”

ಅವಳು ಲೋಟವನ್ನು ಎತ್ತಿ ಹಿಡಿದಳು. ಲಾರಿ ಎಣ್ಣೆ, ಹಿತ್ತಾಳೆ, ತಣ್ಣಗೆ, ಬಿಸಿ, ಎಲ್ಲವನ್ನೂ ಹೇಳಿದಳು, ಒಂದಾದ ಮೇಲೊಂದು, ದನಿ ಏರಿಸದೆ. ಅವನು ಲೋಟದ ಕಡೆ ನೋಡಲೇ ಇಲ್ಲ. “ಅಂಗಡಿಯವನು ಹೇಳಿದ್ನಂತೆ, ಇವಳು ಕೇಳಿದ್ಲಂತೆ. ಅವನಿಗೆ ಮಾಲು ಖರ್ಚಾಗ್ಬೇಕು. ನಾನು ಹುಟ್ಟಿದಾಗಿಂದ ಡಬ್ಬಿಗಳ ಮಧ್ಯೆ ಬೆಳೆದವನು, ನಂಗೆ ಎಣ್ಣೆ ಬಗ್ಗೆ ಹೇಳಿಕೊಡ್ತೀಯ?” ಆದರೆ ಅವನ ಕಿವಿಗಳು ಕೆಂಪಗಾಗಿದ್ದವು. ಅತ್ತೆ ಮಗನ ಮುಖ ನೋಡಿ, ಸೊಸೆಯ ಮುಖ ನೋಡಿ, “ಹೋಗ್ಲಿ ಬಿಡ್ರೋ, ಹಾಳು ಗಾಡಿ,” ಎಂದು ಒಳಗೆ ಹೊರಟರು. ಸಾಕ್ಷಿ ಇಟ್ಟರೆ ಮುಗಿಯಿತು ಎಂದುಕೊಂಡಿದ್ದಳಲ್ಲ! ಎಂಥ ಪೆದ್ದಿ. ನಿಜ ಇಂಥ ಮನೆಯಲ್ಲಿ ತಾನಾಗಿ ಎದ್ದು ನಿಲ್ಲುವುದಿಲ್ಲ, ಅದನ್ನು ಯಾರಾದರೂ ಕೈ ಹಿಡಿದು ಎಬ್ಬಿಸಬೇಕು.

ಅವಳ ಕಣ್ಣು ಮಗಳ ಮೇಲೆ ಬಿತ್ತು. ಬ್ರಶ್ಶು ಕೈಗೆ ಬಂದಿತ್ತು, ತುಟಿಯ ಸುತ್ತ ನೊರೆ ಒಣಗಿತ್ತು. ಹುಡುಗಿ ನೆಲ ನೋಡುತ್ತಿದ್ದಳು. ಆಗಲೇ ಹೊಳೆದದ್ದು ಅವಳಿಗೆ. ಅಷ್ಟು ಜೋರಾಗಿ ಕರ್ರ್ರ್ ಎಂದಾಗ ಮಗಳು ನಕ್ಕಿರಲಿಲ್ಲ. ಕಣ್ಣರಳಿಸಿ ಗೇರು ಎಳೆಯಲಿಲ್ಲ. ಗಂಟಲಿಂದ ಒಂದು ಸಣ್ಣ ದನಿಯನ್ನೂ ತೆಗೆಯಲಿಲ್ಲ.

ಅವಳು ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು, ಅವನಿಗೂ ಕೇಳಿಸುವಂತೆ ಅಲ್ಲ, ಕೇಳಿಸದಂತೆಯೂ ಅಲ್ಲ, ಕೇಳಿದಳು. “ಪುಟ್ಟಿ, ಅಪ್ಪ ಗೇರ್ ಹಾಕಿದಾಗ ನಿಂಗೆ ನಗು ಬರ್ಲಿಲ್ವೇನೇ?”

ಮಗಳು ಅಪ್ಪನ ಕಡೆ ಒಮ್ಮೆ ಕಳ್ಳನೋಟ ಬೀರಿ ಪಿಸುಗುಟ್ಟಿದಳು. “ಬಂತು. ನಕ್ರೆ ಅಪ್ಪಂಗೆ ಕೋಪ ಬರುತ್ತೆ.”

“ಮತ್ತೆ ನನ್ನ ನೋಡಿ ನಗ್ತಿದ್ಯಲ್ಲ?”

ಮಗಳಿಗೆ ಆಶ್ಚರ್ಯವಾಯಿತು. ಇದೇನು ಕೇಳುತ್ತಿದ್ದಾಳೆ ಎನ್ನುವಂತೆ ಅಮ್ಮನ ಎಣ್ಣೆ ಮೆತ್ತಿದ ಮುಖವನ್ನು ನೋಡಿ, ಮುದ್ದಿನಿಂದ, ಹೊಗಳುವ ದನಿಯಲ್ಲಿ ಹೇಳಿದಳು.

“ನಿಂಗೆ ಕೋಪಾನೇ ಬರಲ್ವಲ್ಲ ಅಮ್ಮ.”

ಸುತ್ತಲೂ ಶೆಡ್ಡು ಹಾಗೇ ಇತ್ತು. ಗಾಡಿಯ ಎಂಜಿನ್ನು ತಣಿಯುತ್ತ ಟಕ್ ಟಕ್ ಎನ್ನುತ್ತಿತ್ತು. ಹತ್ತು ವರ್ಷದ ಮಗು, ತನ್ನ ಹೊಟ್ಟೆಯಲ್ಲೇ ಹುಟ್ಟಿದ್ದು, ತನ್ನ ತೊಡೆಯ ಮೇಲೆ ಮಲಗಿ ಬೆಳೆದದ್ದು, ಅದಕ್ಕೇ ಗೊತ್ತಿಲ್ಲ. ಇಷ್ಟು ವರ್ಷ ಒಳಗೆ ಕುದಿದದ್ದು ಒಂದು ಹನಿಯೂ ಹೊರಗೆ ಕಂಡಿಲ್ಲ. ಅಷ್ಟು ಅಚ್ಚುಕಟ್ಟಾಗಿ ಮುಚ್ಚಿಟ್ಟಿದ್ದಾಳೆ, ಭೇಷ್.

“ಬರುತ್ತೆ,” ಎಂದಳು. ದನಿ ಅವಳದೇ ಅನ್ನಿಸಲಿಲ್ಲ. ಒಳಗೆ ಹೊರಟಿದ್ದ ಅತ್ತೆ ಹೊಸ್ತಿಲಲ್ಲೇ ನಿಂತರು. “ಬರುತ್ತೆ ಕಣೇ. ನೋಡ್ಕೋ, ಹೀಗಿರುತ್ತೆ ನನ್ನ ಮುಖ ಕೋಪ ಬಂದಾಗ.” ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಎದ್ದು ಗಂಡನ ಮುಂದೆ ಹೋಗಿ ನಿಂತು ಕೈ ಚಾಚಿದಳು.

“ಕೀ ಕೊಡಿ.”

“ಏನೇ ಇದು, ಮಗು ಎದುರಿಗೆ...”

“ಮಗು ಎದುರಿಗೇ. ಕೀ ಕೊಡಿ. ಬೆಳಿಗ್ಗೆ ನಾನು ಹೋಗ್ತೀನಿ. ಆ ಬಳೆಗಳು ಸವೆದಿವೆ, ಎಣ್ಣೆ ಬದಲಾಯಿಸಿದ್ರೂ ಸದ್ದು ಪೂರ್ತಿ ಹೋಗಲ್ಲ. ಆಗ್ಲಿ. ಊರೆಲ್ಲ ಕೇಳ್ಲಿ. ಇನ್ನೊಂದು ಸಲ ತಟ್ಟೆ ಮೇಲೆ ಚಮಚ ಉಜ್ಜಿದ್ರೆ ಆ ತಟ್ಟೆ ಎತ್ತಿ ಬೀದಿಗೆ ಎಸೀತೀನಿ, ಯಾರು ಊಟಕ್ಕೆ ಕೂತಿದ್ರೂ ಸರಿ.”

ಅವನು ನಗಲು ನೋಡಿದ. ನಗು ಅರ್ಧಕ್ಕೆ ನಿಂತಿತು. ಅವನು ತಾಯಿಯ ಕಡೆ ನೋಡಿದ, ತಾಯಿ ಬೇರೆಡೆ ನೋಡುತ್ತಿದ್ದರು. ಕೊನೆಗೆ ಕೀಯನ್ನು ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲೆ ಇಟ್ಟ, ತಾನಾಗಿಯೇ ಎಲ್ಲೋ ಇಟ್ಟುಹೋದ ಹಾಗೆ, ಮತ್ತು ಮನೆಯೊಳಗೆ ಹೋದ.

ಅವಳು ಕೀಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳು ಇನ್ನೂ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಅವಳನ್ನೇ ನೋಡುತ್ತಿದ್ದಳು, ಮನೆಗೆ ಬಂದ ಹೊಸಬರನ್ನು ನೋಡುವ ಹಾಗೆ. ಸಮಾಧಾನ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ನೋಡಲಿ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದಳು, ಸುಡುತ್ತಿತ್ತು. ಎಣ್ಣೆ ಇಳಿಸಲು ಇದೇ ಹೊತ್ತು. ಅವಳು ಜಾಕನ್ನು ಮತ್ತೆ ಎಳೆದುಕೊಂಡಳು.